‘ಮತ್ತು ತಂಡ’ ಅಂದರೆ ಯಾರ್ರೀ?

ಹನ್ನೊಂದು ವರ್ಷದ ವರದಿಗಾರಿಕೆಯಲ್ಲಿ ನಾನು ಅತಿ ಹೆಚ್ಚು ಸಲ ಟೈಪ್ ಮಾಡಿದ ಮಾತು ಯಾವುದು ಅಂತ ಕೇಳಿದರೆ ‘ಸಂಭ್ರಮ ಸಡಗರದಿಂದ’ ಅನ್ನಬೇಕು. ಅದರ ಬೆನ್ನಿಗೇ ಬರುವುದು ‘ಮತ್ತು ತಂಡ’. ಖ್ಯಾತ ಗಾಯಕ ಇಂಥವರು ಮತ್ತು ತಂಡದಿಂದ ರಸಮಂಜರಿ. ಗಾಯಕಿ ಇಂಥವರು ಮತ್ತು ತಂಡದಿಂದ ಜಾನಪದ ಗೀತೆಗಳು. ತಂಡದಲ್ಲಿ ಎಷ್ಟು ಜನ, ಯಾರು, ಯಾವ ಊರಿನವರು, ಏನು ನುಡಿಸುತ್ತಾರೆ ಅಂತ ಒಂದು ದಿನವೂ ಕೇಳಿರಲಿಲ್ಲ. ಈ ಬರಹ ಆ ಎರಡು ಪದಗಳ ವಿರುದ್ಧ. ಬೈಯಬೇಕಾದವರ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ ಆದ್ದರಿಂದ ಉಳಿದ ಗೆಳೆಯರು ಬೇಸರ ಮಾಡಿಕೊಳ್ಳಬಾರದು.

ನಮ್ಮ ಜಿಲ್ಲೆಯ ಉತ್ಸವದ ಹಿಂದಿನ ದಿನ. (ಯಾವ ಜಿಲ್ಲೆ ಅಂತ ಬರೆಯುವುದಿಲ್ಲ. ಮುಂದಿನ ವರ್ಷವೂ ನನಗೆ ಪಾಸ್ ಬೇಕು.) ‘ಉತ್ಸವಕ್ಕೆ ಸಕಲ ಸಿದ್ಧತೆ’ ಅನ್ನುವ ಮಾಮೂಲಿ ಸುದ್ದಿಗೆ ಒಂದು ಫೋಟೊ ಬೇಕಿತ್ತು. ಮಧ್ಯಾಹ್ನ ಮೂರರ ಬಿಸಿಲಲ್ಲಿ ಮೈದಾನಕ್ಕೆ ಹೋದೆ. ಲಾರಿಯಿಂದ ಕುರ್ಚಿ ಇಳಿಸುತ್ತಿದ್ದರು, ಶಾಮಿಯಾನದವರು ಹಗ್ಗ ಬಿಗಿಯುತ್ತಿದ್ದರು, ವೇದಿಕೆ ಮೇಲೆ ಸೌಂಡ್ ಚೆಕ್ ನಡೆದಿತ್ತು. ಗಾಯಕರು ಬರುವುದು ಮರುದಿನ ಸಂಜೆ, ಬೆಂಗಳೂರಿನಿಂದ ಕಾರಿನಲ್ಲಿ. ವಾದ್ಯದವರು ಟೆಂಪೊದಲ್ಲಿ ಮೊದಲೇ ಬಂದಿದ್ದರು. ಅವರಲ್ಲಿ ಕೀಬೋರ್ಡಿನವರು ನಮ್ಮ ಪಕ್ಕದ ತಾಲೂಕಿನವರೇ. ಮದುವೆ, ಗಣಪತಿ, ಜಾತ್ರೆ, ಉತ್ಸವ ಅಂತ ಇಪ್ಪತ್ತು ವರ್ಷದಿಂದ ನುಡಿಸುತ್ತಿರುವವರು. ಮುಖ ನೋಡಿದ್ದೆ, ಮಾತಾಡಿಸಿರಲಿಲ್ಲ.

ಅವರು ಸುಮ್ಮನೆ ಬೆರಳಾಡಿಸುತ್ತಾ ಏನೋ ಶುರು ಮಾಡಿದರು. ಸಣ್ಣದೊಂದು ತಿರುವು. ಮೇಲೆ ಹತ್ತುತ್ತದೆ, ಕೆಳಗಿಳಿಯುತ್ತದೆ, ಮತ್ತೆ ಅದೇ. ಪ್ಯಾಡ್ ನುಡಿಸುವ ಹುಡುಗ ಸೇರಿಕೊಂಡ. ಬೇಸ್ ಗಿಟಾರಿನವರು ಚಹಾದ ಕಪ್ಪು ಕೆಳಗಿಟ್ಟು ಸೇರಿಕೊಂಡರು. ಹಾಡು ಯಾವಾಗ ಶುರುವಾಗುತ್ತದೆ ಅಂತ ನಾನು ಕಾಯುತ್ತಾ ನಿಂತೆ. ಶುರುವಾಗಲೇ ಇಲ್ಲ. ಮೂರು ನಿಮಿಷ ಆಯಿತು, ಮುಗಿಯಿತು. ಅಷ್ಟರಲ್ಲಿ ಕುರ್ಚಿ ಇಳಿಸುವವರು ಕೈಯಲ್ಲಿ ಕುರ್ಚಿ ಹಿಡಿದುಕೊಂಡೇ ವೇದಿಕೆ ಕಡೆ ತಿರುಗಿ ನಿಂತಿದ್ದರು.

“ಏನ್ರಿ ಇದು?” ಅಂದೆ.

“ಗ್ರೀನ್ ಆನಿಯನ್ಸ್ ಸರ.”

“ಅಂದ್ರ?”

“ಉಳ್ಳಾಗಡ್ಡಿ ತಪ್ಪಲ ಅಂತ ತಿಳ್ಕೋರಿ. ಬೂಕರ್ ಟಿ ಅಂತ, ಅಮೆರಿಕದಾಂವ. ಹದಿನೇಳು ವರ್ಷದ ಹುಡುಗ ಇದ್ದಾಗ ನುಡಿಸಿದ್ದು.”

“ಹಾಡಿದ್ದು ಯಾರು?”

“ಹಾಡೋರು ಇಲ್ರಿ ಸರ. ತಂಡ ಅಷ್ಟ.”

ಆ ರಾತ್ರಿ ಸುದ್ದಿ ಕಳಿಸಿ, ಊಟ ಮುಗಿಸಿ ಮೊಬೈಲಿನಲ್ಲಿ ಹುಡುಕಲು ಕೂತವನು ಎರಡು ಗಂಟೆಯವರೆಗೆ ಕಿವಿಯಿಂದ ಇಯರ್‌ಫೋನ್ ತೆಗೆಯಲಿಲ್ಲ. ಪಾಶ್ಚಾತ್ಯ ಸಂಗೀತ ಅಂದರೆ ನನಗೆ ಅಲ್ಲಿಯವರೆಗೆ ಮೈಕೆಲ್ ಜಾಕ್ಸನ್ ಒಬ್ಬನೇ. ಸೋಲ್, ಫಂಕ್ ಅನ್ನುವ ಪದ ಕೇಳಿದ್ದರೂ ಒಳಗೇನಿದೆ ಗೊತ್ತಿರಲಿಲ್ಲ. ನನಗೆ ಅರ್ಥವಾದಷ್ಟು ಹೇಳುತ್ತೇನೆ. ಅಮೆರಿಕದ ಕಪ್ಪು ಜನ ಚರ್ಚಿನಲ್ಲಿ ಹಾಡುತ್ತಿದ್ದ ರೀತಿಯನ್ನೂ ಹೊರಗೆ ನುಡಿಸುತ್ತಿದ್ದ ಬ್ಲೂಸನ್ನೂ ಬೆರೆಸಿದಾಗ ಬಂದದ್ದು ಸೋಲ್. ಅದರಲ್ಲಿ ರಾಗವನ್ನು ಹಿಂದೆ ಸರಿಸಿ ಲಯವನ್ನು ಮುಂದಕ್ಕೆ ತಂದರೆ ಫಂಕ್. ನಮ್ಮ ಕಡೆಯ ಕರಡಿ ಮಜಲು ಕೇಳಿದವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಒಬ್ಬೊಬ್ಬರದೂ ಸಣ್ಣ ಸಣ್ಣ ಪೆಟ್ಟು, ಎಲ್ಲ ಸೇರಿದಾಗ ಕಾಲು ತಾನಾಗಿ ಅಲ್ಲಾಡುತ್ತದೆ.

ಬೂಕರ್ ಟಿ ಅಂಡ್ ದಿ ಎಂ.ಜಿ.ಸ್ ಅನ್ನುವುದು ಟೆನೆಸಿ ರಾಜ್ಯದ ಮೆಂಫಿಸ್ ಊರಿನ ತಂಡ. ಅಲ್ಲಿ ಮೆಕ್‌ಲೆಮೋರ್ ಅವೆನ್ಯೂ ಅನ್ನುವ ರಸ್ತೆಯಲ್ಲಿ ಮುಚ್ಚಿಹೋದ ಒಂದು ಟಾಕೀಸು ಇತ್ತು, ಕ್ಯಾಪಿಟಲ್ ಥಿಯೇಟರ್ ಅಂತ. ನಮ್ಮ ಕಡೆ ಮುಚ್ಚಿದ ಟಾಕೀಸು ಕಲ್ಯಾಣ ಮಂಟಪ ಆಗುತ್ತದೆ. ಅಲ್ಲಿ ಜಿಮ್ ಸ್ಟೀವರ್ಟ್ ಮತ್ತು ಅವರ ಅಕ್ಕ ಎಸ್ಟೆಲ್ ಆಕ್ಸ್‌ಟನ್ ಅದನ್ನು ರೆಕಾರ್ಡಿಂಗ್ ಸ್ಟುಡಿಯೊ ಮಾಡಿದರು. ಇಬ್ಬರ ಹೆಸರಿನ ಮೊದಲ ಅಕ್ಷರಗಳು ಕೂಡಿ ಸ್ಟ್ಯಾಕ್ಸ್ ಆಯಿತು. ಸೀಟು ಕಿತ್ತು ಹಾಕಿದರೂ ಟಾಕೀಸಿನ ಇಳಿಜಾರು ನೆಲ ಹಾಗೇ ಉಳಿಯಿತು. ತಿಂಡಿ ಮಾರುತ್ತಿದ್ದ ಜಾಗದಲ್ಲಿ ಅಕ್ಕ ರೆಕಾರ್ಡ್ ಅಂಗಡಿ ಇಟ್ಟರು. ಓಣಿಯ ಹುಡುಗರು ಅಂಗಡಿಗೆ ಹಾಡು ಕೇಳಲು ಬಂದು ಒಳಗೆ ನುಡಿಸುವವರಾದರು. ಗಿಟಾರಿನ ಸ್ಟೀವ್ ಕ್ರಾಪರ್ ಆ ಅಂಗಡಿಯಲ್ಲೇ ಕೆಲಸಕ್ಕಿದ್ದವರು.

1962ರ ಬೇಸಿಗೆಯ ಒಂದು ದಿನ ಬೇರೊಬ್ಬ ಗಾಯಕನ ರೆಕಾರ್ಡಿಂಗಿಗೆ ಅಂತ ನಾಲ್ವರು ಬಂದಿದ್ದರು. ಆರ್ಗನ್ನಿಗೆ ಬೂಕರ್ ಟಿ. ಜೋನ್ಸ್, ಗಿಟಾರಿಗೆ ಕ್ರಾಪರ್, ಬೇಸ್‌ಗೆ ಲೂಯಿ ಸ್ಟೈನ್‌ಬರ್ಗ್, ಡ್ರಮ್ಸಿಗೆ ಆಲ್ ಜಾಕ್ಸನ್ ಜೂನಿಯರ್. ಗಾಯಕನ ಕೆಲಸ ಆಗಲಿಲ್ಲ. ಉಳಿದ ಸಮಯದಲ್ಲಿ ಇವರು ತಮ್ಮಷ್ಟಕ್ಕೆ ನುಡಿಸಿದ್ದನ್ನು ಸ್ಟೀವರ್ಟ್ ಟೇಪು ಮಾಡಿಕೊಂಡರು. ರೆಕಾರ್ಡು ಹೊರಬಂದಾಗ ‘ಗ್ರೀನ್ ಆನಿಯನ್ಸ್’ ಇದ್ದದ್ದು ಹಿಂಬದಿಯಲ್ಲಿ. ಕೇಳುಗರು ಅದನ್ನೇ ಕೇಳಿದರು, ಹಿಂಬದಿ ಮುಂಬದಿ ಆಯಿತು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು ಮೂರನೇ ಸ್ಥಾನದವರೆಗೆ ಏರಿತು. ಒಂದಕ್ಷರ ಮಾತಿಲ್ಲದ ತುಣುಕು, ಗಾಯಕನಿಲ್ಲದ ದಿನದ ಉಳಿಕೆ ಸಮಯದಲ್ಲಿ ಹುಟ್ಟಿದ್ದು!

ಸಂಗೀತದ ಸೊಗಸು ಹೇಳಲು ನನಗೆ ಬಾರದು. ಒಂದು ಮಾತ್ರ ಕಿವಿಗೆ ಬಿತ್ತು. ಅಲ್ಲಿ ಯಾರೂ ಜಾಗ ಕಬಳಿಸುವುದಿಲ್ಲ. ಕ್ರಾಪರ್ ಗಿಟಾರನ್ನು ಒಮ್ಮೆ ಕಚಕ್ ಅಂತ ಕೊಯ್ದು ಸುಮ್ಮನಾಗುತ್ತಾರೆ. ಆಲ್ ಜಾಕ್ಸನ್ ಗಡಿಯಾರದಂತೆ ನುಡಿಸುತ್ತಾರೆ, ಆದರೆ ಗಡಿಯಾರಕ್ಕೆ ಆ ಹಿಡಿತ ಇರುವುದಿಲ್ಲ. ಮೂರು ನಿಮಿಷದಲ್ಲಿ ಮುಗಿಯುತ್ತದೆ. ನಮ್ಮ ಉತ್ಸವಗಳ ಸ್ವಾಗತ ಭಾಷಣಕ್ಕೂ ಅಷ್ಟು ಸಾಲುವುದಿಲ್ಲ.

ನನ್ನನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು ಮಾತ್ರ ಸಂಗೀತ ಅಲ್ಲ, ಆ ರೆಕಾರ್ಡಿನ ಮೇಲಿರುವ ಹೆಸರುಗಳು. ‘ಗ್ರೀನ್ ಆನಿಯನ್ಸ್’ ರಚನೆಕಾರರು ಅಂತ ನಾಲ್ವರ ಹೆಸರೂ ಇದೆ. ಜೋನ್ಸ್, ಕ್ರಾಪರ್, ಸ್ಟೈನ್‌ಬರ್ಗ್, ಜಾಕ್ಸನ್. ಡ್ರಮ್ಸಿನವನ ಹೆಸರೂ ಇದೆ. ಕೆಲವು ವರ್ಷಗಳಲ್ಲಿ ಸ್ಟೈನ್‌ಬರ್ಗ್ ತಂಡ ಬಿಟ್ಟು ಅವರ ಜಾಗಕ್ಕೆ ಡೊನಾಲ್ಡ್ ‘ಡಕ್’ ಡನ್ ಬಂದರು. ಆದರೆ ಆ ರಚನೆಯಲ್ಲಿ ಸ್ಟೈನ್‌ಬರ್ಗ್ ಹೆಸರು ಹಾಗೇ ನಿಂತಿತು. ಹೆಸರು ಅಂದರೆ ಬರೀ ಗೌರವ ಅಂತ ತಿಳಿದವರಿಗೆ ಇದನ್ನು ಹೇಳುತ್ತಿದ್ದೇನೆ. ರಚನೆಕಾರರ ಜಾಗದಲ್ಲಿ ಹೆಸರಿದ್ದರೆ ಅದು ಸಿನಿಮಾಕ್ಕೆ, ಜಾಹೀರಾತಿಗೆ ಹೋದಾಗಲೆಲ್ಲ ಪಾಲು ಕೇಳುವ ಹಕ್ಕು ಇರುತ್ತದೆ.

ಹೆಸರಿಲ್ಲದಿದ್ದರೆ ಏನಾಗುತ್ತದೆ? ಕ್ಲೈಡ್ ಸ್ಟಬಲ್‌ಫೀಲ್ಡ್ ಅಂತ ಒಬ್ಬ ಡ್ರಮ್ಸ್ ವಾದಕರಿದ್ದರು, ಜೇಮ್ಸ್ ಬ್ರೌನ್ ತಂಡದಲ್ಲಿ. 1969ರಲ್ಲಿ ಅವರು ‘ಫಂಕಿ ಡ್ರಮ್ಮರ್’ ಅನ್ನುವ ರೆಕಾರ್ಡಿನ ನಡುವೆ ಕೆಲವು ಸೆಕೆಂಡು ಒಬ್ಬರೇ ನುಡಿಸಿದರು. ಮುಂದೆ ಹಿಪ್ ಹಾಪ್ ಬಂದಾಗ ಆ ತುಣುಕನ್ನು ಕತ್ತರಿಸಿ ನೂರಾರು ಹಾಡುಗಳಿಗೆ ಅಂಟಿಸಿದರು. ಜಗತ್ತಿನಲ್ಲಿ ಅತಿ ಹೆಚ್ಚು ಮರುಬಳಕೆಯಾದ ಡ್ರಮ್ಸ್ ತುಣುಕುಗಳಲ್ಲಿ ಅದೂ ಒಂದು. ರಚನೆಕಾರ ಅಂತ ಇದ್ದದ್ದು ಜೇಮ್ಸ್ ಬ್ರೌನ್ ಹೆಸರು ಮಾತ್ರ. ರೆಕಾರ್ಡಿನ ಶೀರ್ಷಿಕೆಯೇ ಡ್ರಮ್ಮರ್ ಅಂತ, ಡ್ರಮ್ಮರ್ ಹೆಸರೇ ಇಲ್ಲ. ಸ್ಟಬಲ್‌ಫೀಲ್ಡ್ 2017ರಲ್ಲಿ ತೀರಿಕೊಂಡರು.

ಇನ್ನೊಂದು ಊರು ಡೆಟ್ರಾಯಿಟ್. ಅಲ್ಲಿನ ಮೋಟೌನ್ ಕಂಪನಿಯ ಸಾಲು ಸಾಲು ಹಿಟ್‌ಗಳಿಗೆ ನುಡಿಸಿದವರು ಫಂಕ್ ಬ್ರದರ್ಸ್ ಅನ್ನುವ ಒಂದೇ ಗುಂಪಿನ ವಾದ್ಯದವರು. 1960ರ ದಶಕದುದ್ದಕ್ಕೂ ರೆಕಾರ್ಡಿನ ಹೊದಿಕೆ ಮೇಲೆ ಅವರ ಹೆಸರಿಲ್ಲ. 1971ರಲ್ಲಿ ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಆಲ್ಬಮ್ಮಿನಲ್ಲಿ ಮೊದಲ ಸಲ ಅಚ್ಚಾಯಿತು. ಅವರಲ್ಲಿ ಬೇಸ್ ಗಿಟಾರಿನ ಜೇಮ್ಸ್ ಜೇಮರ್ಸನ್ 1983ರಲ್ಲಿ ಮೋಟೌನಿನ ಇಪ್ಪತ್ತೈದನೇ ವರ್ಷದ ದೊಡ್ಡ ಕಾರ್ಯಕ್ರಮಕ್ಕೆ ಟಿಕೆಟ್ ಕೊಂಡು ಹೋಗಿ ಬಾಲ್ಕನಿಯ ಹಿಂದಿನ ಸಾಲಿನಲ್ಲಿ ಕೂತು ನೋಡಿ ಬಂದರು. ಅದೇ ವರ್ಷ ತೀರಿಕೊಂಡರು. ಆ ಕಂಪನಿಯ ಹಾಡುಗಳ ಬೆನ್ನೆಲುಬು ಅವರ ಬೇಸ್ ಅಂತ ಈಗ ಎಲ್ಲರೂ ಬರೆಯುತ್ತಾರೆ.

ಇದೆಲ್ಲ ಅಮೆರಿಕದ ಕತೆ, ನಮಗೇನು ಅನ್ನುವವರಿಗಾಗಿ ನಮ್ಮ ದೇಶದ ಕಾನೂನನ್ನೇ ತೆಗೆದು ನೋಡಿದೆ. ಕೃತಿಸ್ವಾಮ್ಯ ಕಾಯ್ದೆಯಲ್ಲಿ ‘ಪ್ರದರ್ಶಕ’ ಅಂದರೆ ಯಾರು ಅಂತ ಒಂದು ಪಟ್ಟಿ ಇದೆ. ನಟ, ಗಾಯಕ, ವಾದಕ, ನರ್ತಕ, ದೊಂಬರಾಟದವರು, ಹಾವಾಡಿಗ, ಉಪನ್ಯಾಸ ಕೊಡುವವರು, ಎಲ್ಲರೂ ಇದ್ದಾರೆ. ಒಳ್ಳೆಯ ಪಟ್ಟಿ. 2012ರ ತಿದ್ದುಪಡಿಯಲ್ಲಿ ಅದಕ್ಕೆ ಒಂದು ಬಾಲ ಸೇರಿಸಿದರು. ಸಿನಿಮಾದಲ್ಲಿ ಯಾರ ಕೆಲಸ ಪ್ರಾಸಂಗಿಕವೋ, ಉದ್ಯಮದ ರೂಢಿಯಂತೆ ಯಾರ ಹೆಸರನ್ನು ಚಿತ್ರದ ಹೆಸರುಪಟ್ಟಿಯೂ ಸೇರಿದಂತೆ ಎಲ್ಲಿಯೂ ಹಾಕುವುದಿಲ್ಲವೋ, ಅಂಥವರನ್ನು ಪ್ರದರ್ಶಕರೆಂದು ಪರಿಗಣಿಸುವಂತಿಲ್ಲ, ತಮ್ಮ ಕೆಲಸವನ್ನು ಕೆಡಿಸಿದರೆ ತಕರಾರು ಎತ್ತುವ ಒಂದು ಹಕ್ಕಿನ ಮಟ್ಟಿಗೆ ಹೊರತು. ಎರಡು ಸಲ ಓದಿಕೊಳ್ಳಿ. ಕೆಲಸ ಸಣ್ಣದು ಅಂತ ಒಮ್ಮೆ ಅನ್ನಿಸಿಕೊಂಡರೆ, ರೂಢಿಯಂತೆ ಹೆಸರು ಹಾಕದೇ ಇದ್ದದ್ದೇ ಹಕ್ಕು ಇಲ್ಲದಿರುವುದಕ್ಕೆ ಕಾರಣವಾಗುತ್ತದೆ. ಇದು ಸಿನಿಮಾಕ್ಕೆ ಮಾತ್ರ ಅನ್ವಯಿಸುವ ಮಾತು, ಉತ್ಸವದ ವೇದಿಕೆಗೆ ಅಲ್ಲ, ಒಪ್ಪಿದೆ. ಆದರೆ ‘ರೂಢಿ’ ಅನ್ನುವುದನ್ನು ದಿನವೂ ಕಟ್ಟುತ್ತಿರುವವರು ಯಾರು? ‘ಮತ್ತು ತಂಡ’ ಅಂತ ದಿನವೂ ಟೈಪ್ ಮಾಡುವ ನನ್ನಂಥವರು.

ಈಗ ಆ ಸಂಗೀತೋತ್ಸವದ ವಿಷಯಕ್ಕೆ ಬರುತ್ತೇನೆ. 1967ರ ಜೂನ್ 16ರಿಂದ 18ರವರೆಗೆ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಮೂರು ದಿನದ ಪಾಪ್ ಉತ್ಸವ ನಡೆಯಿತು. ಜಿಮಿ ಹೆಂಡ್ರಿಕ್ಸ್ ಗಿಟಾರಿಗೆ ಬೆಂಕಿ ಹಚ್ಚಿದ್ದು ಅಲ್ಲೇ. ನಮ್ಮವರಿಗೆ ಅದು ಗೊತ್ತಿರುವುದು ಪಂಡಿತ್ ರವಿಶಂಕರ್ ಅವರಿಂದ. 18ರ ಭಾನುವಾರ ಮಧ್ಯಾಹ್ನ ಸಿತಾರ್ ನುಡಿಸಿದರು. ಅವರ ಪಕ್ಕದಲ್ಲಿ ತಬಲಾಕ್ಕೆ ಕೂತಿದ್ದವರು ಉಸ್ತಾದ್ ಅಲ್ಲಾ ರಖಾ, ಜಾಕಿರ್ ಹುಸೇನರ ತಂದೆ. ಹಿಂದೆ ತಂಬೂರಿ ಹಿಡಿದಿದ್ದವರು ಕಮಲಾ ಚಕ್ರವರ್ತಿ. ಮೂವರು. ‘ರವಿಶಂಕರ್ ಮತ್ತು ತಂಡ’ ಅಂತ ಯಾರಾದರೂ ಬರೆದರೆ ನಮಗೆ ಸಿಟ್ಟು ಬರುವುದಿಲ್ಲವೇ? ಹಿಂದೂಸ್ತಾನಿ, ಕರ್ನಾಟಕ ಸಂಗೀತದ ಆಹ್ವಾನ ಪತ್ರಿಕೆಗಳಲ್ಲಿ ತಬಲಾ ಯಾರು, ಹಾರ್ಮೋನಿಯಂ ಯಾರು, ಮೃದಂಗ ಯಾರು ಅಂತ ಇವತ್ತಿಗೂ ಅಚ್ಚಾಗುತ್ತದೆ. ಅಂದರೆ ಹೆಸರು ಹಾಕುವ ಪದ್ಧತಿ ನಮಗೆ ಗೊತ್ತಿಲ್ಲದ್ದಲ್ಲ. ಯಾರ ಹೆಸರು ಹಾಕಬೇಕು, ಯಾರದು ಬೇಡ ಅಂತ ನಾವು ಆರಿಸಿಕೊಂಡಿದ್ದೇವೆ. ಸಭಾಂಗಣದೊಳಗಿನ ವಾದ್ಯಕ್ಕೆ ಹೆಸರಿದೆ, ಮೈದಾನದ ವಾದ್ಯಕ್ಕೆ ಇಲ್ಲ.

ಆ ಉತ್ಸವದ ಶನಿವಾರ ರಾತ್ರಿ ಬೂಕರ್ ಟಿ ಅಂಡ್ ದಿ ಎಂ.ಜಿ.ಸ್ ವೇದಿಕೆ ಹತ್ತಿದರು. ಮೊದಲು ತಮ್ಮದೇ ಹೆಸರಿನಲ್ಲಿ, ತಮ್ಮದೇ ತುಣುಕುಗಳನ್ನು ನುಡಿಸಿದರು. ಆಮೇಲೆ ಓಟಿಸ್ ರೆಡಿಂಗ್ ಬಂದರು. ಅವರಿಗೂ ಹಿಂದೆ ನುಡಿಸಿದವರು ಇದೇ ನಾಲ್ವರು, ಜೊತೆಗೆ ಟ್ರಂಪೆಟಿನ ವೇಯ್ನ್ ಜಾಕ್ಸನ್, ಸ್ಯಾಕ್ಸೊಫೋನಿನ ಆಂಡ್ರ್ಯೂ ಲವ್. ಒಂದೇ ರಾತ್ರಿ, ಅದೇ ವೇದಿಕೆ, ಅದೇ ಬೆರಳುಗಳು. ಮೊದಲರ್ಧ ಅವರು ಕಲಾವಿದರು, ಉಳಿದರ್ಧ ‘ತಂಡ’. ನುಡಿಸಾಣಿಕೆ ಬದಲಾಗಲಿಲ್ಲ, ನೋಡುವವರ ಕಣ್ಣು ಸರಿದ ಜಾಗ ಬದಲಾಯಿತು. ಮರುವರ್ಷ ಬಂದ ಡಿ.ಎ. ಪೆನ್ನೆಬೇಕರ್ ಅವರ ‘ಮಾಂಟೆರೆ ಪಾಪ್’ ಸಾಕ್ಷ್ಯಚಿತ್ರದಲ್ಲಿ ಓಟಿಸ್ ಇದ್ದಾರೆ. ಅವರು ಬರುವುದಕ್ಕೆ ಮೊದಲು ಇವರು ತಾವಾಗಿ ನುಡಿಸಿದ್ದು ಇಲ್ಲ.

ಆದರೂ ಇವರು ಬಚಾವಾದರು ಅಂತಲೇ ನಾನು ಅನ್ನುವುದು. ಐದು ವರ್ಷ ಮೊದಲು ತಮ್ಮ ಹೆಸರಲ್ಲೇ ಒಂದು ರೆಕಾರ್ಡು ಬಂದಿತ್ತಲ್ಲ, ಅದಕ್ಕೆ. ಸ್ಯಾಮ್ ಅಂಡ್ ಡೇವ್ ಅವರ ‘ಸೋಲ್ ಮ್ಯಾನ್’ ಅಂತ 1967ರದೇ ಒಂದು ಹಾಡಿದೆ, ಕೇಳಿ. ನಡುವೆ ಗಾಯಕ ಗಿಟಾರಿನವನನ್ನು ಸ್ಟೀವ್ ಅಂತ ಹೆಸರು ಹಿಡಿದು ಕರೆಯುತ್ತಾನೆ. ಅರ್ಧ ಸೆಕೆಂಡಿನ ಕೆಲಸ. ಆ ಹಾಡು ಇರುವವರೆಗೂ ಆ ಹೆಸರು ಇರುತ್ತದೆ. ಇದು ನಡೆದದ್ದು ಕಪ್ಪು ಬಿಳಿ ಜನ ಒಂದೇ ಹೋಟೆಲಿನಲ್ಲಿ ಕೂತು ಉಣ್ಣುವುದೇ ಕಷ್ಟವಾಗಿದ್ದ ಮೆಂಫಿಸ್‌ನಲ್ಲಿ. ಇಬ್ಬರು ಕಪ್ಪು, ಇಬ್ಬರು ಬಿಳಿ, ಅದು ಆ ನಾಲ್ವರ ತಂಡ. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಕೊಂದ ಲೊರೇನ್ ಮೋಟೆಲ್, ಸ್ಟ್ಯಾಕ್ಸಿನವರು ಕೂತು ಹಾಡು ಕಟ್ಟುತ್ತಿದ್ದ ಜಾಗವೇ. ಅಂಥ ಊರಲ್ಲಿ ಸಾಧ್ಯವಾದದ್ದು ನಮ್ಮ ಪ್ರೆಸ್ ನೋಟಿನಲ್ಲಿ ಸಾಧ್ಯವಿಲ್ಲ ಅಂದರೆ ನಂಬಬೇಕೇ?

ಇದನ್ನು ಒಬ್ಬ ಹಿರಿಯ ವರದಿಗಾರರ ಮುಂದೆ ಹೇಳಿದೆ. “ಜಾಗ ಎಲ್ಲಿದೆಯಪ್ಪಾ?” ಅಂದರು. ಜಾಗದ ಮಾತು ಬಂದದ್ದು ಒಳ್ಳೆಯದಾಯಿತು. ನಮ್ಮ ಉತ್ಸವದ ಉದ್ಘಾಟನೆಯ ಪ್ರಕಟಣೆ ನನ್ನ ಫೋನಿನಲ್ಲಿ ಇನ್ನೂ ಇದೆ. ಉದ್ಘಾಟಿಸುವವರು, ಜ್ಯೋತಿ ಬೆಳಗಿಸುವವರು, ಅಧ್ಯಕ್ಷತೆ, ಘನ ಉಪಸ್ಥಿತಿ, ಗೌರವ ಉಪಸ್ಥಿತಿ, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು ಅಂತ ಮೂವತ್ತಾರು ಹೆಸರು ಎಣಿಸಿದೆ. ಅವರಲ್ಲಿ ಅರ್ಧಕ್ಕರ್ಧ ಜನ ಬರಲೇ ಇಲ್ಲ. ಆದರೂ ಮೂವತ್ತಾರೂ ಅಚ್ಚಾಯಿತು. ಒಬ್ಬರ ಹೆಸರು ಬಿಟ್ಟರೆ ಶಿಷ್ಟಾಚಾರ ಉಲ್ಲಂಘನೆ ಅಂತ ಗಲಾಟೆ, ಒಂದು ಸ್ಥಾನ ಕೆಳಗೆ ಬಂದರೆ ಅಧಿಕಾರಿಗೆ ನೋಟಿಸು. ಬಾರದೇ ಇದ್ದವರ ಹೆಸರಿಗೆ ಜಾಗ ಇದೆ. ಬಂದು ಮೂರು ತಾಸು ನುಡಿಸಿದ ಐವರ ಹೆಸರಿಗೆ ಇಲ್ಲ.

“ಜನ ಬರೋದು ಹಾಡೋರನ್ನು ನೋಡೋಕೆ, ವಾದ್ಯ ಕೇಳೋಕಲ್ಲ” ಅನ್ನುವುದು ಅವರ ಇನ್ನೊಂದು ಮಾತು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಒಂದು ಸಭಾಂಗಣ ಇದೆ. ಟಿ. ಚೌಡಯ್ಯನವರ ಹೆಸರಿನದು. ದೊಡ್ಡ ದೊಡ್ಡ ಗಾಯಕರಿಗೆ ಪಕ್ಕವಾದ್ಯ ನುಡಿಸಿದವರು ಅವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿದ ಹುಡುಗ ಕದ್ರಿ ಗೋಪಾಲನಾಥ್ ಅದನ್ನೇ ಹಿಡಿದು 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ವರೆಗೆ ಹೋದರು. 1977ರ ‘ಸನಾದಿ ಅಪ್ಪಣ್ಣ’ ಸಿನಿಮಾದಲ್ಲಿ ರಾಜ್‌ಕುಮಾರ್ ಕೈಯಲ್ಲಿ ಹಿಡಿದ ಶಹನಾಯಿಯ ದನಿ ಬಿಸ್ಮಿಲ್ಲಾ ಖಾನರದು ಅಂತ ನಮ್ಮ ಅವ್ವನಿಗೂ ಗೊತ್ತು. ಹೇಗೆ ಗೊತ್ತಾಯಿತು? ಯಾರೋ ಬರೆದರು, ಅದಕ್ಕೆ. ಬರೆದರೆ ಜನ ನೆನಪಿಟ್ಟುಕೊಳ್ಳುತ್ತಾರೆ. ನಾವು ಬರೆಯುವುದಿಲ್ಲ, ಆಮೇಲೆ ಜನಕ್ಕೆ ಆಸಕ್ತಿ ಇಲ್ಲ ಅನ್ನುತ್ತೇವೆ.

ಈಗ ಏನಾಗುತ್ತಿದೆ ನೋಡಿ. ಹೋದ ವರ್ಷ ಒಂದು ಜಾತ್ರೆಯ ರಸಮಂಜರಿಗೆ ಹೋಗಿದ್ದೆ. ಭಿತ್ತಿಪತ್ರದಲ್ಲಿ ಗಾಯಕರ ಹೆಸರು, ‘ಮತ್ತು ತಂಡ’. ವೇದಿಕೆ ಮೇಲೆ ಗಾಯಕರು, ಒಬ್ಬ ನಿರೂಪಕಿ, ಲ್ಯಾಪ್‌ಟಾಪಿನ ಮುಂದೆ ಒಬ್ಬ ಹುಡುಗ. ಎಲ್ಲ ಟ್ರ್ಯಾಕು. ಪೆನ್‌ಡ್ರೈವಿನೊಳಗೆ ತಬಲಾ, ಕೊಳಲು, ಕೀಬೋರ್ಡು, ಗಿಟಾರು. ತಂಡ ಎಲ್ಲಿ ಅಂತ ಒಬ್ಬರೂ ಕೇಳಲಿಲ್ಲ. ನಾನೂ ಮರುದಿನ ‘ಇಂಥವರು ಮತ್ತು ತಂಡ ನಡೆಸಿಕೊಟ್ಟ ರಸಮಂಜರಿ ಜನಮನ ಸೂರೆಗೊಂಡಿತು’ ಅಂತಲೇ ಬರೆದೆ. ಅಲ್ಲಿ ತಂಡವೇ ಇರಲಿಲ್ಲ! ಐದು ಮನೆಯ ದುಡಿಮೆ ಮಾಯವಾಗಿತ್ತು, ನನ್ನ ಸುದ್ದಿಯಲ್ಲಿ ಒಂದಕ್ಷರ ಬದಲಾಗಬೇಕಾಗಲಿಲ್ಲ. ಹೆಸರು ಬರೆಯುವ ಅಭ್ಯಾಸ ಇದ್ದಿದ್ದರೆ ಆ ದಿನ ಪೆನ್ನು ನಿಲ್ಲುತ್ತಿತ್ತು. ಯಾರ ಹೆಸರು ಬರೆಯಲಿ ಅಂತ ತಲೆಯೆತ್ತಿ ನೋಡಬೇಕಾಗುತ್ತಿತ್ತು. ಅಷ್ಟಾದರೂ ಸುದ್ದಿ ಸಿಗುತ್ತಿತ್ತು.

ಸ್ಟ್ಯಾಕ್ಸಿನದೇ ಇನ್ನೊಂದು ತಂಡದ ಕತೆ ಓದಿದ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಬಾರ್-ಕೇಸ್ ಅಂತ. ಅವರೂ ಹಾಡುವವರಲ್ಲ, ನುಡಿಸುವ ಹುಡುಗರು. 1967ರಲ್ಲಿ ‘ಸೋಲ್ ಫಿಂಗರ್’ ಅನ್ನುವ ತುಣುಕು ಹಿಟ್ ಆಯಿತು. ಓಟಿಸ್ ರೆಡಿಂಗ್ ಅವರನ್ನು ಪ್ರವಾಸಕ್ಕೆ ಕರೆದುಕೊಂಡರು. ಅದೇ ವರ್ಷ ಡಿಸೆಂಬರ್ 10ರಂದು ವಿಸ್ಕಾನ್ಸಿನ್ನಿನ ಮ್ಯಾಡಿಸನ್ ಊರ ಹತ್ತಿರ ಮೊನೋನಾ ಕೆರೆಗೆ ವಿಮಾನ ಬಿತ್ತು. ಓಟಿಸ್ ಸತ್ತರು ಅಂತ ಸಂಗೀತ ಗೊತ್ತಿದ್ದ ಎಲ್ಲರಿಗೂ ಗೊತ್ತು. ಅವರ ಜೊತೆ ಸತ್ತವರು ಗಿಟಾರಿನ ಜಿಮ್ಮಿ ಕಿಂಗ್, ಆರ್ಗನ್ನಿನ ರಾನಿ ಕಾಲ್ಡ್‌ವೆಲ್, ಸ್ಯಾಕ್ಸೊಫೋನಿನ ಫೇಲನ್ ಜೋನ್ಸ್, ಡ್ರಮ್ಸಿನ ಕಾರ್ಲ್ ಕನ್ನಿಂಗ್‌ಹ್ಯಾಮ್. ಹದಿನೆಂಟು, ಹತ್ತೊಂಬತ್ತರ ಹುಡುಗರು. ಜೊತೆಗೆ ಸಹಾಯಕ ಮ್ಯಾಥ್ಯೂ ಕೆಲ್ಲಿ, ಪೈಲಟ್ ರಿಚರ್ಡ್ ಫ್ರೇಸರ್. ಬದುಕಿದವರು ಟ್ರಂಪೆಟಿನ ಬೆನ್ ಕಾಲಿ ಒಬ್ಬರೇ. ಬೇಸ್‌ನ ಜೇಮ್ಸ್ ಅಲೆಕ್ಸಾಂಡರ್‌ಗೆ ಆ ವಿಮಾನದಲ್ಲಿ ಜಾಗ ಇರಲಿಲ್ಲ, ಉಳಿದರು. ಇಬ್ಬರೂ ಸೇರಿ ತಂಡವನ್ನು ಮತ್ತೆ ಕಟ್ಟಿದರು. ಈ ಹೆಸರುಗಳನ್ನು ಒಂದೊಂದಾಗಿ ಕನ್ನಡದಲ್ಲಿ ಟೈಪ್ ಮಾಡುತ್ತಾ ನನಗೆ ನೆನಪಾದದ್ದು ನಾನೇ ಕಳಿಸಿದ ಒಂದು ಅಪಘಾತದ ಸುದ್ದಿ. ಕಾರ್ಯಕ್ರಮ ಮುಗಿಸಿ ಬರುತ್ತಿದ್ದ ಆರ್ಕೆಸ್ಟ್ರಾ ಟೆಂಪೊ ಪಲ್ಟಿ. ‘ತಂಡದ ಮೂವರಿಗೆ ಗಾಯ’ ಅಂತ ಬರೆದಿದ್ದೆ. ಗಾಯಕರು ಆ ವಾಹನದಲ್ಲಿ ಇರಲಿಲ್ಲ ಅನ್ನುವುದನ್ನು ಮಾತ್ರ ಪ್ರತ್ಯೇಕ ಸಾಲಿನಲ್ಲಿ, ಅವರ ಹೆಸರು ಸಮೇತ ಬರೆದಿದ್ದೆ.

ಇದು ಉಳಿದವರಿಗಿಂತ ನಮಗೆ ಬೇಗ ಅರ್ಥವಾಗಬೇಕಿತ್ತು. ನಾವು ಯಾರು? ‘ನಮ್ಮ ಪ್ರತಿನಿಧಿ’. ಸ್ಟ್ರಿಂಗರ್ ಅನ್ನುವ ಪದವನ್ನೇ ನೋಡಿ, ನಮ್ಮ ಬರಹವನ್ನು ದಾರದಿಂದ ಅಳೆದು ದುಡ್ಡು ಕೊಡುತ್ತಿದ್ದರು ಅನ್ನುತ್ತಾರೆ. ಮಳೆಯಲ್ಲಿ ನಿಂತು ಕೆರೆ ಒಡೆದ ಸುದ್ದಿ ಕಳಿಸಿದವರು ನಾವು, ಮರುದಿನ ಕಾರಿನಲ್ಲಿ ಬಂದು ಹೋದವರಿಗೆ ಬೈಲೈನು. ಡಿಪ್ಲೊಮಾ ಮುಗಿಸಿ ಹೊರಬಿದ್ದಾಗ ಪಾಲು ಸಿಗದೇ ಇದ್ದದ್ದಕ್ಕೆ ಬಸ್ ಸ್ಟ್ಯಾಂಡಿನ ಚಹಾ ಅಂಗಡಿಯಲ್ಲಿ ಕೂತು ಎಷ್ಟು ಬೈದಿದ್ದೇವೆ! ಬೈದು ಎದ್ದು ಹೋಗಿ ‘ಮತ್ತು ತಂಡ’ ಅಂತ ಬರೆದಿದ್ದೇವೆ. ನಮ್ಮ ಮೇಲಾದದ್ದನ್ನು ನಮಗಿಂತ ಕೆಳಗಿನವರ ಮೇಲೆ ಮಾಡುವುದಕ್ಕೆ ನಮಗೆ ಅರೆಗಳಿಗೆಯೂ ಬೇಕಾಗಲಿಲ್ಲ.

ಉತ್ಸವದ ದಿನ ಬೆಳಿಗ್ಗೆ ಮತ್ತೆ ಮೈದಾನಕ್ಕೆ ಹೋಗಿ ಐವರ ಹೆಸರು, ಊರು, ವಾದ್ಯ ಬರೆದುಕೊಂಡೆ. ಪ್ಯಾಡಿನ ಹುಡುಗ ತನ್ನ ಹೆಸರಿನ ಕಾಗುಣಿತವನ್ನು ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡ. ಸುದ್ದಿಯಲ್ಲಿ ಐದೂ ಹೆಸರು ಹಾಕಿ ಕಳಿಸಿದೆ. ಎಣಿಸಿದ್ದೇನೆ, ಇಪ್ಪತ್ತೊಂದು ಪದ. ಬೆಳಿಗ್ಗೆ ಪೇಪರು ಬಿಡಿಸಿದರೆ ‘ಮತ್ತು ತಂಡ’. ಡೆಸ್ಕಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ ಒಳ್ಳೆಯವಳೇ. “ಸರ್, ಜಾಹೀರಾತು ಜಾಸ್ತಿ ಬಂತು” ಅಂದಳು. ಮೂವತ್ತಾರು ಹೆಸರಿನ ಉದ್ಘಾಟನೆಯ ಸುದ್ದಿ ಅದೇ ಪುಟದಲ್ಲಿತ್ತು.

ಕೀಬೋರ್ಡಿನವರ ಹೆಸರು ಇಲ್ಲಿಯಾದರೂ ಹಾಕೋಣ ಅಂತ ಹೋದ ವಾರ ಫೋನ್ ಮಾಡಿ ಕೇಳಿದೆ. ಬರೆದದ್ದನ್ನು ಓದಿ ಹೇಳಿದೆ. ಪೆನ್‌ಡ್ರೈವಿನ ಭಾಗಕ್ಕೆ ಬಂದಾಗ ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಛಲೋ ಬರ್ದೀರಿ ಸರ. ಖರೆ ನನ್ನ ಹೆಸರು ಹಾಕಬ್ಯಾಡ್ರಿ. ಪಾರ್ಟಿಯವರು ಓದಿದ್ರ ಮುಂದಿನ ಸೀಸನ್‌ಗೆ ಕರಿಯಂಗಿಲ್ಲ.”

ಹೀಗಾಗಿ ಹೆಸರು ಹಾಕಿ ಅಂತ ಕೂಗುವ ಈ ಬರಹದಲ್ಲೂ ಅವರ ಹೆಸರಿಲ್ಲ. ಪೇಪರಿನ ಕಟಿಂಗು ಕಳಿಸಲೇ ಅಂತ ಕೇಳಿದೆ. ಬೇಡ ಅಂದರು. ಆ ದಿನದ ಪೇಪರು ಅವರು ಆಗಲೇ ಮೂರು ಕೊಂಡಿದ್ದರಂತೆ.